ಕೈ ಕೊಟ್ಟವರು

ಛತ್ರದವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಹುಡುಗಿ ಕೈ ಕೊಟ್ಟ ದುಃಖ ನನ್ನ ಸ್ವಂತದ್ದು, ಅದನ್ನು ಹೇಗೋ ನಿಭಾಯಿಸಿಕೊಳ್ಳುತ್ತಿದ್ದೆ. ಆದರೆ ಆ 35,000 ರೂಪಾಯಿ ಅಪ್ಪನದು. ಅವರು ಬಾಯಿಬಿಟ್ಟು ಆ ವಿಷಯ ಎತ್ತಲಿಲ್ಲ. ಪೇಪರ್ ಓದುವಾಗ ಕಲ್ಯಾಣ ಮಂಟಪದ ಜಾಹೀರಾತು ಕಂಡರೆ ಆ ಪುಟವನ್ನು ಮಾತ್ರ ಸ್ವಲ್ಪ ಜೋರಾಗಿ ಮಗುಚುತ್ತಿದ್ದರು, ಅಷ್ಟೆ.

ಆರು ವರ್ಷದ ಪ್ರೀತಿ ಮುಗಿದದ್ದು ದರ್ಶಿನಿಯೊಂದರಲ್ಲಿ, ನಿಂತುಕೊಂಡು. ಕೂತು ಅಳೋಣವೆಂದರೆ ಅಲ್ಲಿ ಕುರ್ಚಿ ಇರುವುದಿಲ್ಲ ನೋಡಿ. ಬೈಟು ಕಾಫಿ ತಗೊಂಡಿದ್ದೆವು. ಅವಳು ಹೇಳಬೇಕಾದ್ದನ್ನೆಲ್ಲ ಹೇಳಿ, ಲೋಟದಲ್ಲಿ ಅರ್ಧ ಹಾಗೇ ಬಿಟ್ಟು, “ಥ್ಯಾಂಕ್ಸ್ ಕಣೋ, ಎಲ್ಲದಕ್ಕೂ” ಅಂದಳು. ಹೇಳಿದ್ದು ನನ್ನ ತಲೆಗಿನ್ನೂ ಇಳಿದಿರಲಿಲ್ಲ. “ಅಯ್ಯೋ ಬಿಡೇ, 20 ರೂಪಾಯಿಗೆಲ್ಲ ಥ್ಯಾಂಕ್ಸಾ” ಅಂದೆ. ಅವಳು ಹೋದಮೇಲೆ ಅವಳ ಪಾಲಿನದನ್ನೂ ನಾನೇ ಕುಡಿದೆ. ಆರಿಹೋಗಿತ್ತು, ಆದರೂ ಕುಡಿದೆ. ನಮ್ಮ ಮನೆಯಲ್ಲಿ ಏನನ್ನೂ ಚೆಲ್ಲುವ ಅಭ್ಯಾಸವಿಲ್ಲ.

ಆಮೇಲಿನ ಎರಡು ತಿಂಗಳು ಸಲಹೆಗಳ ಸುಗ್ಗಿ. ಸೋದರತ್ತೆ ಶನಿಶಾಂತಿ ಮಾಡಿಸು ಅಂದರು. ಒಬ್ಬ ಗೆಳೆಯ ಜಿಮ್ಮಿಗೆ ಸೇರಿಸಿದ. ಇನ್ನೊಬ್ಬ ಕುಮಾರಪರ್ವತಕ್ಕೆ ಎಳೆದುಕೊಂಡು ಹೋದ. ಏದುಸಿರು ಬಿಡುತ್ತಾ ತುದಿ ಮುಟ್ಟಿದರೆ, ದುಃಖ ನನಗಿಂತ ಮುಂಚೆಯೇ ಬಂದು ಬಂಡೆಯ ಮೇಲೆ ಕೂತಿತ್ತು. ಅಷ್ಟರಲ್ಲಿ ಆಫೀಸಿನಲ್ಲಿ, ಎಂಟು ತಿಂಗಳ ಮಟ್ಟಿಗೆ ಬ್ಯೂನಸ್ ಐರಿಸ್‌ಗೆ ಯಾರಾದರೂ ಹೋಗುತ್ತೀರಾ ಎಂದು ಕೇಳಿದರು. ಅದು ಯಾವ ಖಂಡದಲ್ಲಿದೆ ಎಂದು ನೋಡಿಕೊಳ್ಳುವ ಮೊದಲೇ ಕೈ ಎತ್ತಿದ್ದೆ. “ಇಷ್ಟು ಅರ್ಜೆಂಟಾಗಿ ಅರ್ಜೆಂಟೀನಾಕ್ಕೆ ಯಾಕೋ” ಅಂದಳು ಅಮ್ಮ. ಅವಳು ಅದನ್ನು ಹಾಸ್ಯಕ್ಕೆ ಹೇಳಿದ್ದಲ್ಲ.

ಬ್ಯೂನಸ್ ಐರಿಸ್‌ನವರು ಮನಸ್ಸಿನ ವಿಷಯದಲ್ಲಿ ಬಲು ಶಿಸ್ತಿನವರು. ನಾವು “ನಿಮಗೆ ಹಾಲು ಹಾಕುವವನು ಯಾರು” ಎಂದು ಕೇಳಿದ ಹಾಗೆ ಅವರು “ನಿನ್ನ ಮನೋವೈದ್ಯರು ಯಾರು” ಎಂದು ಕೇಳುತ್ತಾರೆ. ಪಲೆರ್ಮೊ ಎಂಬ ಬಡಾವಣೆಯ ಒಂದು ಭಾಗದಲ್ಲಿ ಈ ವೈದ್ಯರು ಎಷ್ಟು ಕಿಕ್ಕಿರಿದಿದ್ದಾರೆಂದರೆ ಅದಕ್ಕೆ ವಿಲ್ಯಾ ಫ್ರಾಯ್ಡ್ ಎಂದೇ ಅಡ್ಡಹೆಸರು. ನಮ್ಮಲ್ಲಿ ಗಾಂಧಿನಗರವಿದ್ದಂತೆ ಅವರಲ್ಲಿ ಫ್ರಾಯ್ಡ್ ನಗರ. ಹೋಗಬಹುದಿತ್ತು. ಆದರೆ ದುಃಖ ತೋಡಿಕೊಳ್ಳಲು ಭಾಷೆ ಬೇಕಲ್ಲ? ನನ್ನ ಸ್ಪ್ಯಾನಿಷ್ ‘ಬಿಲ್ ಕೊಡಿ’, ‘ಮಾಂಸ ಬೇಡ’ ಮತ್ತು ‘ಕೋಳಿಯೂ ಮಾಂಸವೇ’ ಎಂಬಲ್ಲಿಗೆ ನಿಂತುಬಿಟ್ಟಿತ್ತು. ಮಾತು ಬಾರದವನಿಗೆ ಇರುವುದು ಒಂದೇ ದಾರಿ ಎಂದು ಸಹೋದ್ಯೋಗಿಯೊಬ್ಬಳು ಟ್ಯಾಂಗೊ ಕ್ಲಾಸಿಗೆ ತಳ್ಳಿದಳು.

ಮೇಡಮ್ಮಿಗೆ ಎಪ್ಪತ್ತು ದಾಟಿರಬೇಕು. ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ ಗತ್ತು ಹೋಗಿರಲಿಲ್ಲ. “ನಡೆದು ತೋರಿಸು” ಅಂದರು. ಮೂವತ್ತಾರು ವರ್ಷದಿಂದ ಮಾಡಿಕೊಂಡು ಬಂದ ಕೆಲಸ, ನಡೆದೆ. ಅಷ್ಟುದ್ದ ಹೋಗಿ ತಿರುಗಿದರೆ ಅವರ ಮುಖ ಹುಳಿ ಮಜ್ಜಿಗೆ ಕುಡಿದಂತಾಗಿತ್ತು. “ನೆಲದಲ್ಲೇನು ಹುಡುಕುತ್ತಿದ್ದೀಯ? ದುಡ್ಡು ಬೀಳಿಸಿಕೊಂಡಿದ್ದೀಯಾ?” ಅಂದರು. ಹೌದು ಮೇಡಂ, ಛತ್ರದ್ದು.

ಟ್ಯಾಂಗೊ ಎಂದರೆ ಬಾಯಲ್ಲಿ ಗುಲಾಬಿ ಕಚ್ಚಿಕೊಂಡು ಹೆಂಗಸನ್ನು ಹಿಂದಕ್ಕೆ ಬಗ್ಗಿಸುವುದು ಎಂದು ತಿಳಿದಿದ್ದೆ. ಅದು ಸಿನಿಮಾದವರ ಕೆಲಸ. ಇಲ್ಲಿ ಮೊದಲ ಮೂರು ವಾರ ಬರೀ ನಡಿಗೆ. ಇಡೀ ಮೈಭಾರವನ್ನು ಒಂದು ಕಾಲಿನ ಮೇಲೆ ತಂದು ನಿಲ್ಲಬೇಕು, ಕೆರೆಯಂಚಿನ ಕೊಕ್ಕರೆಯ ಹಾಗೆ. ಆ ಕಾಲು ಗಟ್ಟಿಯಾದಮೇಲೇ ಇನ್ನೊಂದರ ಮಾತು. ನನ್ನದೋ ಎರಡು ದೋಣಿಯ ಮೇಲೆ ಕಾಲಿಟ್ಟ ನಡಿಗೆ. ಜೊತೆಗಾತಿಯನ್ನು ಎದೆಯಿಂದ ನಡೆಸಬೇಕೇ ಹೊರತು ತೋಳಿನಿಂದ ತಿರುಗಿಸಬಾರದು ಎಂಬುದು ಎರಡನೆಯ ಪಾಠ. ಆಟೋ ಹ್ಯಾಂಡಲ್ ಹಿಡಿದ ಹಾಗೆ ಹಿಡಿಯುತ್ತಿದ್ದ ನನಗೆ ಒಬ್ಬ ಹುಡುಗಿ ಮೃದುವಾಗಿ ಏನೋ ಅಂದಳು. ಅರ್ಥವಾಗಲಿಲ್ಲ. ಮೀಟರ್ ಮೇಲೆ ಒಂದೂವರೆ ಕೊಡುವುದಿಲ್ಲ ಎಂದಿರಬೇಕು.

ಒಂದು ದಿನ ಹೆಂಗಸರ ಸಂಖ್ಯೆ ಕಡಿಮೆಯಾಗಿ, ನನ್ನನ್ನು ಒಬ್ಬ ಬಸ್ ಡ್ರೈವರ್ ಜೊತೆ ಜೋಡಿ ಮಾಡಿದರು. ನಾಚಿಕೊಂಡೆ. ಆತನಿಗೆ ಏನೂ ಅನ್ನಿಸಲಿಲ್ಲ. ಗಂಡಸರು ಗಂಡಸರ ಜೊತೆಯೇ ಅಭ್ಯಾಸ ಮಾಡುವುದು ಅಲ್ಲಿ ಹಳೆಯ ವಾಡಿಕೆಯಂತೆ. ಹಡಗುಗಟ್ಟಲೆ ಇಟಲಿಯವರು, ಸ್ಪೇನಿನವರು ಬಂದಿಳಿದ ಊರು ಅದು. 1914ರಲ್ಲಿ ಊರಿನ ಅರ್ಧದಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದವರು, ಅವರಲ್ಲೂ ಗಂಡಸರೇ ಹೆಚ್ಚು. ಪ್ರತಿಯೊಬ್ಬನೂ ಯಾರನ್ನೋ ದಡದಲ್ಲಿ ಬಿಟ್ಟು ಬಂದವನು. ಅವರ ವಾದ್ಯವೂ ವಲಸೆ ಬಂದದ್ದೇ. ಬಾಂಡೋನಿಯೋನ್ ಎಂಬ ಆ ಪೆಟ್ಟಿಗೆಗೆ ಜರ್ಮನಿಯ ಹೈನ್‌ರಿಷ್ ಬಾಂಡ್ ಎಂಬಾತನ ಹೆಸರು. ತೊಡೆಯ ಮೇಲಿಟ್ಟು ಎಳೆದರೆ ಒಂದು ಸ್ವರ, ಅದೇ ಗುಂಡಿ ಒತ್ತಿ ಮುಚ್ಚಿದರೆ ಇನ್ನೊಂದು ಸ್ವರ. ನಮ್ಮ ಹಾರ್ಮೋನಿಯಂನ ದಾಯಾದಿ ಅನ್ನಿ. ಇದಕ್ಕೆ ಅಲ್ಲಿ ರಾಜಮರ್ಯಾದೆ; ನಮ್ಮದನ್ನು 1940ರಿಂದ 1971ರವರೆಗೆ ಆಕಾಶವಾಣಿಯವರು ಒಳಗೇ ಬಿಟ್ಟುಕೊಳ್ಳಲಿಲ್ಲ. ಪಾಪ, ಅದಕ್ಕೂ ಯಾರೋ ಕೈ ಕೊಟ್ಟಿದ್ದರು.

ಎಲ್ಲಿದ್ದೆ? ಹಾಂ, ಎಡವಟ್ಟುಗಳು. ನೃತ್ಯಕೂಟಕ್ಕೆ ಅವರು ಮಿಲೋಂಗಾ ಅನ್ನುತ್ತಾರೆ. ಮೊದಲ ಮಿಲೋಂಗಾದಲ್ಲೇ ಎದುರಿನಿಂದ ಬಂದ ಜೋಡಿಗೆ ಡಿಕ್ಕಿ ಹೊಡೆದೆ. ಅಲ್ಲಿ ಎಲ್ಲರೂ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುತ್ತಾರೆ, ಅಂದರೆ ಶುದ್ಧ ಅಪ್ರದಕ್ಷಿಣೆ. ಹುಟ್ಟಿದಾಗಿನಿಂದ ಅಶ್ವತ್ಥಕಟ್ಟೆ, ನವಗ್ರಹ ಸುತ್ತಿದ ಕಾಲು, ತಾನಾಗಿಯೇ ಬಲಕ್ಕೆ ತಿರುಗಿತ್ತು. ಒನ್‌ವೇಯಲ್ಲಿ ನುಗ್ಗಿದ ಬೆಂಗಳೂರಿಗನೆಂದು ಅವರಿಗೇನು ಗೊತ್ತು?

ಎರಡನೆಯದು ಇನ್ನೂ ಘೋರ. ಅಲ್ಲಿ ಹೋಗಿ ಕೈಚಾಚಿ ‘ಕುಣಿಯೋಣ ಬನ್ನಿ’ ಎಂದು ಕರೆಯುವ ಹಾಗಿಲ್ಲ. ದೂರದಿಂದ ಕಣ್ಣು ಸೇರಿಸಿ, ಸಣ್ಣಗೆ ತಲೆಯಾಡಿಸಬೇಕು. ಆಕೆಯೂ ಆಡಿಸಿದರೆ ಒಪ್ಪಂದ. ಇಲ್ಲವಾದರೆ ಯಾರಿಗೂ ಗೊತ್ತಾಗದಂತೆ ಮಾನ ಉಳಿಯುತ್ತದೆ. ಎಂಥ ನಾಜೂಕಿನ ಏರ್ಪಾಟು! ಹುಡುಗಿ ನೋಡುವ ಶಾಸ್ತ್ರಕ್ಕೂ ಇದನ್ನು ತಂದಿದ್ದರೆ ಎಷ್ಟು ಉಪ್ಪಿಟ್ಟು, ಕೇಸರಿಭಾತು ಉಳಿಯುತ್ತಿತ್ತೋ. ಆದರೆ ನಾನು ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ಬೆಳೆದವನು. ಒಳ್ಳೆಯ ಸಂಗೀತ ಕಿವಿಗೆ ಬಿದ್ದರೆ ತಲೆ ತನ್ನಷ್ಟಕ್ಕೆ ಓಲಾಡುತ್ತದೆ. ಓಲಾಡಿತು. ಕಣ್ಣು ಬಿಡುವಷ್ಟರಲ್ಲಿ ಮೂರು ದಿಕ್ಕಿನಿಂದ ಮೂವರು ಹೆಂಗಸರು ಎದ್ದು ಬಂದು ನನ್ನ ಮುಂದೆ ನಿಂತಿದ್ದರು, ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು.

ಅವರಲ್ಲಿ ಹಿರಿಯರ ಜೊತೆ ಕುಣಿದೆ. ಒಂದು ಹಾಡು ಮುಗಿಯಿತು. ದೊಡ್ಡವರು, ನನ್ನಂಥವನ ಜೊತೆ ಹೆಜ್ಜೆ ಹಾಕಿದ್ದಾರೆ ಎಂದು ವಿನಯದಿಂದ “ಗ್ರಾಸಿಯಾಸ್” ಅಂದೆ. ಆಕೆಯ ಮುಖ ಸಪ್ಪಗಾಯಿತು. ಸರ್ರನೆ ತಿರುಗಿ ತಮ್ಮ ಮೇಜಿಗೆ ಹೋಗಿಬಿಟ್ಟರು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು: ಮೂರೋ ನಾಲ್ಕೋ ಹಾಡು ಸೇರಿದ ಒಂದು ಕಂತಿಗೆ ತಾಂದಾ ಎಂದು ಹೆಸರು, ಅದು ಮುಗಿಯುವ ಮೊದಲೇ ಥ್ಯಾಂಕ್ಸ್ ಹೇಳಿದರೆ ‘ನಿನ್ನ ಸಹವಾಸ ಸಾಕು’ ಎಂದರ್ಥ.

ನಾನು ಗೋಡೆಗೊರಗಿ ಸ್ವಲ್ಪ ಹೊತ್ತು ನಿಂತೆ. ದರ್ಶಿನಿ ನೆನಪಾಯಿತು. ‘ಥ್ಯಾಂಕ್ಸ್ ಕಣೋ, ಎಲ್ಲದಕ್ಕೂ.’ ಎಷ್ಟು ಸ್ಪಷ್ಟವಾಗಿ, ಎಷ್ಟು ಮರ್ಯಾದೆಯಾಗಿ ಹೇಳಿದ್ದಳು! ನಾನು 20 ರೂಪಾಯಿ ಲೆಕ್ಕ ಹೇಳಿದ್ದೆ.

ಟ್ಯಾಂಗೊ ವಿರಹಕ್ಕೆ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಹಾಡುಗಳ ತುಂಬ ಇರುವುದೇ ಬಿಟ್ಟುಹೋದವರು. ಹುಣ್ಣಿನ ಮೇಲೆ ನಿಂಬೆಹುಳಿ ಹಿಂಡಿದ ಹಾಗೆ. ಕಾರ್ಲೋಸ್ ಗಾರ್ದೆಲ್ 1917ರಲ್ಲಿ ಹಾಡಿ ಊರನ್ನೇ ಅಳಿಸಿದ ‘ಮಿ ನೋಚೆ ತ್ರಿಸ್ತೆ’ಯೂ ಹುಡುಗಿ ಬಿಟ್ಟುಹೋದವನ ಗೋಳೇ. ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ರಾಜ್‌ಕುಮಾರ್ ಅತ್ತದ್ದನ್ನು ಕೇಳಿದವರಿಗೆ ಇದರ ತರ್ಜುಮೆ ಬೇಕಿಲ್ಲ. ವ್ಯತ್ಯಾಸ ಇಷ್ಟೇ: ನಾವು ಆ ಹಾಡು ಕೇಳುತ್ತಾ ದಿಂಬು ಅಪ್ಪಿಕೊಂಡು ಮಲಗುತ್ತೇವೆ, ಅವರು ಶೂಸ್ ಹಾಕಿಕೊಂಡು ಎದ್ದು ಹೋಗುತ್ತಾರೆ. ಹೋದಮೇಲೆ ಎಡಗಾಲು, ಬಲಗಾಲು, ಎದುರಿನವರ ಕಾಲು, ಹಿಂದಿನ ಜೋಡಿಯ ಕಾಲು, ಎಲ್ಲವನ್ನೂ ಸಂಭಾಳಿಸುವುದರಲ್ಲಿ, ಅಳುವುದಕ್ಕೆ ಬಿಡುವಾಗುವುದಿಲ್ಲ.

ನನಗೆ ಒಮ್ಮೆ ಬಿಡುವಾಯಿತು. ಎಂಬತ್ತರ ಹತ್ತಿರದ ಅಜ್ಜಿ, ನನ್ನ ಭುಜದಷ್ಟೇ ಎತ್ತರ, ಮೈಯಿಂದ ಪೌಡರಿನ ವಾಸನೆ. ಹಣೆಗೆ ಹಣೆ ತಾಗಿಸಿ ಕುಣಿಯುವ ಪದ್ಧತಿಯಾದ್ದರಿಂದ ಕನ್ನಡಕ ತೆಗೆದು ಜೇಬಿಗೆ ಹಾಕಿದ್ದೆ. ಹಿಂದೊಮ್ಮೆ ಅದರ ಕಡ್ಡಿ ಒಬ್ಬರ ಓಲೆಗೆ ಸಿಕ್ಕಿಕೊಂಡು ಇಬ್ಬರೂ ಅರ್ಧ ಹಾಡು ಅಂಟಿಕೊಂಡೇ ಕುಣಿದ ಅನುಭವವಿತ್ತು. ಅಂದು ಮೂರನೆಯ ಹಾಡಿನ ನಡುವೆ ಅಜ್ಜಿ, ಎಲ್ಲೋ ಹೆಜ್ಜೆ ತಪ್ಪಿದ ನನ್ನ ಬೆನ್ನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರು, ಹಾಲು ಕುಡಿಸಿದಮೇಲೆ ಮಗುವನ್ನು ತೇಗಿಸಲು ತಟ್ಟುತ್ತಾರಲ್ಲ, ಹಾಗೆ. ತೇಗು ಬರಲಿಲ್ಲ, ಬೇರೇನೋ ಬಂತು. ಒರೆಸಿಕೊಳ್ಳಲು ಕನ್ನಡಕದ ನೆಪವೂ ಇರಲಿಲ್ಲ. ಅವರು ಕಣ್ಣು ಮುಚ್ಚಿಯೇ ಇದ್ದರು. ಹಾಡು ಮುಗಿದಮೇಲೂ ಸ್ವಲ್ಪ ಹೊತ್ತು ಬೇಕೆಂದೇ ಮುಚ್ಚಿದ್ದರು ಎಂದು ನನ್ನ ಅನುಮಾನ. ಆಮೇಲೆ ನಿಯಮದಂತೆ ಅವರನ್ನು ಕುರ್ಚಿಯವರೆಗೆ ಬಿಟ್ಟುಬಂದೆ. ಅವರು ಬೀಸಣಿಗೆ ಬಿಚ್ಚಿಕೊಂಡು ಬೇರೆಯವರತ್ತ ನೋಡತೊಡಗಿದರು.

ಇದು ನನಗೆ ಬಹಳ ಹಿಡಿಸಿತು. ಹತ್ತು ಹನ್ನೆರಡು ನಿಮಿಷ ಅಪ್ಪಿ ನಡೆಯುವುದು, ಮುಗಿಯಿತೆಂದು ಸಾರುವ ಚಿಕ್ಕ ಬೇರೆ ಸಂಗೀತ, ಕುರ್ಚಿಯವರೆಗೆ ಬಿಡುವುದು, ಮುಂದಿನದು. ಒಂದು ರಾತ್ರಿಗೆ ಎಂಟು ಜನ ಹೆಂಗಸರು ನನಗೆ ಕೈ ಕೊಡುತ್ತಿದ್ದರು, ಎರಡೂ ಅರ್ಥದಲ್ಲಿ.

ಅಮ್ಮನ ಫೋನ್ ಬರುತ್ತಿದ್ದುದೂ ಅದೇ ಹೊತ್ತಿಗೆ. ನನಗೆ ರಾತ್ರಿ 10 ಗಂಟೆ, ಅವಳಿಗೆ ಮುಂಜಾನೆ 6:30, ಹಿಂದೆ ಸುಪ್ರಭಾತ. “ಎಲ್ಲೋ ಹೊರಟೆ ಈ ಹೊತ್ತಲ್ಲಿ?” “ಕ್ಲಾಸಿಗೆ ಅಮ್ಮ.” “ಊಟ ಆಯ್ತಾ?” “ಆಯ್ತು.” “ಆ ಹುಡುಗಿ ಏನಾದ್ರೂ...” “ಅಮ್ಮ, ಬಸ್ ಬಂತು.” ಒಂದು ದಿನ ಅವಳು ಅದನ್ನು ಕೇಳುವುದನ್ನೇ ಮರೆತಳು. ಅವಳು ಮರೆತದ್ದನ್ನು ನಾನು ಗಮನಿಸಿದ್ದು ಮರುದಿನ.

ಹೊರಡುವ ವಾರ ಚಕರೀತಾ ಸ್ಮಶಾನಕ್ಕೆ ಹೋದೆ. 1935ರ ಜೂನ್ 24ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ ಗಾರ್ದೆಲ್‌ನ ಸಮಾಧಿ ಇರುವುದು ಅಲ್ಲೇ. ಸೂಟು ತೊಟ್ಟು ನಗುತ್ತಾ ನಿಂತ ಕಂಚಿನ ಪ್ರತಿಮೆ. ಅದರ ಬೆರಳ ಸಂದಿಗೆ ಭಕ್ತರು ಸಿಗರೇಟು ಹಚ್ಚಿ ಇಡುತ್ತಾರೆ. ಬಂದ ಹೊಸತರಲ್ಲಿ ಇದನ್ನು ಕೇಳಿದಾಗಲೇ ಒಂದು ಹರಕೆ ಹೊತ್ತಿದ್ದೆ. ನಾನು ಸೇದುವವನಲ್ಲ. ಗೇಟಿನ ಹತ್ತಿರ ಒಂದು ಸಿಗರೇಟು ಕೇಳಿ ಪಡೆದು, ಗಾಳಿಗೆ ನಾಲ್ಕು ಕಡ್ಡಿ ಕೆಡಿಸಿ, ಐದನೆಯದಕ್ಕೆ ಹೊತ್ತಿಸಿ, ಕೆಮ್ಮಿ, ಅವನ ಬೆರಳಿಗೆ ಸಿಕ್ಕಿಸಿ ಕೈಮುಗಿದೆ. ಹೆಂಗಸೊಬ್ಬರು ಹೂ ಹಿಡಿದುಕೊಂಡು ಹಿಂದೆ ಕಾಯುತ್ತಿದ್ದರು. ಏನು ಬೇಡಿಕೊಳ್ಳಬೇಕೆಂದು ಬಂದಿದ್ದೆ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಸಿಗರೇಟು ಉರಿಯುತ್ತಿತ್ತು. ಸುಮ್ಮನೆ ವ್ಯರ್ಥವಾಗಬಾರದಲ್ಲ ಎಂದು, “ಎಡಕ್ಕೆ ಸುತ್ತುವಾಗ ತೂಕ ತಪ್ಪುತ್ತೆ ಕಣಪ್ಪ, ಅದೊಂದು ನೋಡ್ಕೋ” ಅಂದೆ.

ಬೂದಿ ಉದುರಿತು. ಬಲಗಡೆಗೆ ಉದುರಿತು, ಹೂ ಕೊಟ್ಟ ಅಂತಲೇ ನಾನು ಇಟ್ಟುಕೊಂಡಿದ್ದೇನೆ. ಗಾಳಿಯೂ ಆ ಕಡೆಗೇ ಬೀಸುತ್ತಿತ್ತು ಅನ್ನಿ.