ಶ್ರೀಮಾನ್ ‘ಒಂದು ಕಪ್’ ಸಾಹೇಬರಿಗೆ

ಸನ್ಮಾನ್ಯ ಕಪ್ ಸಾಹೇಬರೇ,

ಅಡುಗೆ ವಿಡಿಯೊಗಳ ಬೆನ್ನೇರಿ ತಾವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅಡುಗೆಮನೆಗಳಿಗೆ ದಯಮಾಡಿಸಿದ್ದೀರಿ. 1824ರಲ್ಲಿ ಕಿತ್ತೂರಿಗೆ ದಂಡೆತ್ತಿ ಬಂದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸಾಹೇಬರಿಗೆ ಸಿಕ್ಕಂಥ ಸ್ವಾಗತ ತಮಗೆ ಸಿಗಲಿಲ್ಲ. ನಮ್ಮ ಸೌಜನ್ಯಕ್ಕೆ ಬೇರೆ ಸಾಕ್ಷಿ ಬೇಕೆ?

ಮೈಯಳತೆ ಕೇಳುವುದು ಮರ್ಯಾದೆಯಲ್ಲ, ಗೊತ್ತು. ಆದರೂ ತಾವು ಜಪಾನಿನಲ್ಲಿ 200 ಮಿಲಿಲೀಟರ್, ಅಮೆರಿಕದಲ್ಲಿ ಸುಮಾರು 237, ಅಲ್ಲಿಯದೇ ಆಹಾರ ಪೊಟ್ಟಣಗಳ ಲೇಬಲ್ಲಿನಲ್ಲಿ 240, ಆಸ್ಟ್ರೇಲಿಯಾದಲ್ಲಿ 250. ನಮಗೇನೂ ಆಶ್ಚರ್ಯವಿಲ್ಲ ಬಿಡಿ. ಮುಂಬಯಿ ಸರಕಾರದ ಕಾಲದಲ್ಲಿ ನಮ್ಮ ತಾಲ್ಲೂಕಿನ ಹೆಸರು ಸಂಪಗಾಂವ, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಹೆಸರೊಂದು ಕಡೆ, ಹುರುಳೊಂದು ಕಡೆ ಇರುವುದು ನಮಗೆ ರೂಢಿ.

ಬೇಸರವಿರುವುದು ಸೇರಿನ ಬಗ್ಗೆ. ಸೀಮೆಗೊಂದು ಸೇರು, ಊರಿಗೊಂದು ಪಾವು ಇದ್ದರೆ ವ್ಯವಹಾರ ನಡೆಯುವುದಿಲ್ಲವೆಂದು 1956ರ ಕಾಯಿದೆ ಮೆಟ್ರಿಕ್ ಪದ್ಧತಿಯನ್ನು ತಂದಿತು. 80 ತೊಲೆಯ, ಅಂದರೆ ಸುಮಾರು 933 ಗ್ರಾಮಿನ ಸೇರು ನಿವೃತ್ತವಾಯಿತು. ಒಪ್ಪಿದೆವು. ಈಗ ಅದೇ ದೋಷ ಹೊತ್ತು ತಾವು ಬಂದಿದ್ದೀರಿ. ತಮಗೆ ಪ್ಲಾಸ್ಟಿಕ್ ಹಿಡಿಕೆ ಇದೆ, ಸೇರಿಗೆ ಇರಲಿಲ್ಲ, ಅಷ್ಟೇ. ಹಾಗೆ ನೋಡಿದರೆ ಸೇರಿನವರಿಗೆ ಎಚ್ಚರವಿತ್ತು. ತೂಗುವ ಸೇರು ಬೇರೆ, ಅಳೆಯುವ ಸೇರು ಬೇರೆ. ಹಳೆಯ ಮೈಸೂರು ಸೀಮೆಯಲ್ಲಂತೂ ಒಂಬತ್ತು ಧಾನ್ಯಗಳನ್ನು ಸಮನಾಗಿ ಬೆರೆಸಿ ತೂಗಿ, ಅಷ್ಟು ಹಿಡಿಯುವ ಪಾತ್ರೆಯನ್ನು ಸೇರೆಂದು ಗೊತ್ತುಮಾಡುತ್ತಿದ್ದರು. ಎಳ್ಳಿಗೂ ಕಡಲೆಗೂ ಇರುವ ತೂಕದ ಜಗಳ ಪಾತ್ರೆಯೊಳಗೇ ತೀರಲಿ ಅಂತ.

ತಾವೋ ‘ಒಂದು ಕಪ್’ ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೊರಟುಬಿಡುತ್ತೀರಿ. ಸಕ್ಕರೆ ತುಂಬಿದರೆ ತಾವು ಸುಮಾರು 200 ಗ್ರಾಂ. ಗೋದಿಹಿಟ್ಟನ್ನು ಜರಡಿ ಹಿಡಿದು ಸಡಿಲಾಗಿ ಸುರಿದರೆ 120ರ ಆಸುಪಾಸು, ಡಬ್ಬಿಯೊಳಗೆ ತಮ್ಮನ್ನೇ ಮುಳುಗಿಸಿ ಅದುಮಿದರೆ 150. ಚುರುಮುರಿ ತುಂಬಿದರೆ 15 ಗ್ರಾಂ ಬಂದರೆ ಪುಣ್ಯ. ಇನ್ನು ಬೆಲ್ಲದ ಪೆಂಟಿಯನ್ನು ತಮ್ಮೊಳಗೆ ಕೂರಿಸುವುದು ಹೇಗೆ? ಒಡೆದು ಹಾಕಿದರೆ ಸಂದಿಯಲ್ಲೆಲ್ಲ ಗಾಳಿ, ಹೆರೆದು ಹಾಕಿದರೆ ಲೆಕ್ಕವೇ ಬೇರೆ. ತಾವು ಎರಡಕ್ಕೂ ಕಣ್ಣುಮುಚ್ಚಿ ಸಹಿ ಹಾಕುತ್ತೀರಿ.

ಯಲ್ಲಮ್ಮನ ಗುಡ್ಡದಲ್ಲಿ ಪಡ್ಡಲಗಿ ಎಂಬ ದೇವಿಯ ಬುಟ್ಟಿ ತುಂಬಿಸಲು ಹೋಳಿಗೆ ಮಾಡುವ ಅಕ್ಕನವರನ್ನು ಕೇಳಿ ನೋಡಿ. “ಬ್ಯಾಳಿ ಎಷ್ಟೋ ಬೆಲ್ಲಾನೂ ಅಷ್ಟ ಹಾಕ್ರಿ” ಅನ್ನುತ್ತಾರೆ. ಎರಡನ್ನೂ ಒಂದೇ ವಾಟಗಾದಲ್ಲಿ ಅಳೆದ ಮೇಲೆ ಅದು ದೊಡ್ಡದಿದ್ದರೇನು, ಸಣ್ಣದಿದ್ದರೇನು? ಕೆಡುವುದು ಬೇಳೆಯನ್ನು ತಮ್ಮಿಂದ ಅಳೆದು, ಬೆಲ್ಲವನ್ನು ಅಂಗಡಿಯ ಕಿಲೋ ಲೆಕ್ಕದಲ್ಲಿ ಸುರಿದಾಗ. ಹೂರಣ ನೀರಾಗುವ ಹೊತ್ತಿಗೆ ತಾವು ‘ಸಬ್‌ಸ್ಕ್ರೈಬ್ ಮಾಡಿ’ ಎನ್ನುತ್ತಿರುತ್ತೀರಿ. ಜೋಳದ ರೊಟ್ಟಿಯ ತಂಟೆಗಂತೂ ಬರಬೇಡಿ. ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆ, ಎಸರಿನ ಲೆಕ್ಕ ದಿನಕ್ಕೊಂದು. ಅದು ನಾದುವ ಕೈಗೆ ಬಿಟ್ಟ ಖಾತೆ.

ವಿನಂತಿ ಇಷ್ಟೇ: ಮುಂದಿನ ಸಲ ಬರುವಾಗ ಗ್ರಾಂ ಅವರನ್ನೂ ಜೊತೆಗೆ ಕರೆತನ್ನಿ. ಮಾತು ಒರಟು, ಆದರೆ ಚುರುಮುರಿಗೂ ಸಕ್ಕರೆಗೂ ಒಂದೇ ನ್ಯಾಯ. ಹಾಲು, ನೀರು, ಮಜ್ಜಿಗೆಗೆ ತಾವೊಬ್ಬರೇ ಸಾಕು.

ತಮ್ಮ ವಿಧೇಯ,
ಸಂಪಗಾಂವ ಸೀಮೆಯ ಹೋಳಿಗೆಪ್ರಿಯ

ತಾ.ಕ.: ಜಾತ್ರೆಯ ಚುರುಮುರಿ ಅಂಗಡಿಯ ಮುಂದೆ ಮಾತ್ರ ತಾವೂ ಗ್ರಾಂ ಅವರೂ ಸ್ವಲ್ಪ ಸರಿದು ನಿಲ್ಲಿ. ಅಲ್ಲಿ ಇನ್ನೂ ಸೇರಿನದೇ ಸರಕಾರ. ಸೇರು ತುಂಬಿದ ಮೇಲೆ ಒಂದು ಹಿಡಿ ಕೊಸರೂ ಬೀಳುತ್ತದೆ. ಅದನ್ನು ಎಷ್ಟು ಗ್ರಾಂ ಎಂದು ಬರೆದುಕೊಳ್ಳುತ್ತೀರಿ?