ಧೂಮಾಭಾವ ಫಲಶ್ರುತಿ

ಶಾಸ್ತ್ರಗ್ರಂಥ ಬರೆಯಲು ಕೂತವನು ಮೊದಲು ನಾಲ್ಕು ಅನುಬಂಧ ಹೇಳಬೇಕೆಂದು ಹಿರಿಯರ ಕಟ್ಟಪ್ಪಣೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಹೇಳಿಬಿಡುತ್ತೇನೆ. ವಿಷಯ, ಸಿಗರೇಟು ಬಿಡುವುದು. ಪ್ರಯೋಜನ, ಬಿಟ್ಟವನ ಕೈಗೆ ಕಡೆಗೂ ಏನು ಹತ್ತಿತು ಎಂಬುದು. ಸಂಬಂಧ, ಗ್ರಂಥಕರ್ತನಿಗೂ ವಾಸ್ಕೋ ಪೇಟೆಯ ಒಂದು ಗಾಡೊಗೂ ಹದಿನೇಳು ವರ್ಷ ಇದ್ದದ್ದು. ಗಾಡೊ ಎಂದರೆ ಗೋವೆಯಲ್ಲಿ ಬೀಡಾ ಅಂಗಡಿಗಿಂತ ತುಸು ದೊಡ್ಡದು, ಹೋಟೆಲಿಗಿಂತ ಬಹಳ ಸಣ್ಣದು. ಇನ್ನು ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಒಮ್ಮೆಯಾದರೂ ಬಿಟ್ಟು ಮತ್ತೆ ಹಿಡಿದವನು. ಹುಟ್ಟಾ ಸೇದದವರೂ ಓದಬಹುದು, ಆದರೆ ನಡುನಡುವೆ ‘ನಾನು ಆವಾಗಲೇ ಹೇಳಿರಲಿಲ್ವಾ’ ಎಂದು ತಲೆಯಾಡಿಸಕೂಡದು.

ನಮ್ಮ ತಾರ್ಕಿಕರಿಗೆ ಹೊಗೆಯ ಮೇಲೆ ಎಂಥ ಮೋಹವೆಂದರೆ ಅವರು ಶತಶತಮಾನಗಳಿಂದ ಒಂದೇ ಬೆಟ್ಟವನ್ನು ನೋಡುತ್ತ ಕೂತಿದ್ದಾರೆ. ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇದ್ದ ಹಾಗೆ. ಬೆಟ್ಟ ಹತ್ತಿ ಒಮ್ಮೆ ನೋಡಿ ಬರೋಣ ಎಂದು ಯಾರಿಗೂ ಅನಿಸಿದಂತಿಲ್ಲ. ನನ್ನ ಹೆಂಡತಿ ನ್ಯಾಯಶಾಸ್ತ್ರ ಓದಿದವಳಲ್ಲ, ಆದರೆ ಬಚ್ಚಲುಮನೆಯ ವೆಂಟಿಲೇಟರನ್ನು ಹೊರಗಿನಿಂದ ನೋಡಿಯೇ ಒಳಗೆ ಬೆಂಕಿಯನ್ನೂ, ಬೆಂಕಿಯ ಹಿಂದೆ ಗಂಡನನ್ನೂ ಸಾಬೀತುಪಡಿಸುತ್ತಿದ್ದಳು. ಅವಳು ಬಾಗಿಲನ್ನೂ ಬಡಿಯುತ್ತಿದ್ದಳು. ನ್ಯಾಯಸೂತ್ರ ಬರೆದ ಗೌತಮಮುನಿಗಿಂತ ಅಷ್ಟು ಮುಂದೆ.

ಹೊಗೆ ಇದ್ದರೆ ಏನು ಎಂಬುದನ್ನು ಅವರೆಲ್ಲ ವಿಚಾರಿಸಿ ಮುಗಿಸಿದ್ದಾರೆ. ಹೊಗೆ ಇಲ್ಲದಿದ್ದರೆ ಏನು ಎಂಬುದೇ ಈ ಗ್ರಂಥದ ಹೊಸತನ. ಇಲ್ಲದಿರುವುದಕ್ಕೂ ಶಾಸ್ತ್ರದಲ್ಲಿ ಜಾತಿಗಳಿವೆ. ಮಡಕೆ ಹುಟ್ಟುವ ಮೊದಲು ಇಲ್ಲದಿರುವುದು ಪ್ರಾಗಭಾವ, ಅದಕ್ಕೆ ಆದಿಯಿಲ್ಲ, ಅಂತ್ಯವಿದೆ. ಮಡಕೆ ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ, ಅದಕ್ಕೆ ಆದಿಯಿದೆ, ಅಂತ್ಯವಿಲ್ಲ. ಈ ಲೆಕ್ಕದಲ್ಲಿ ಶಾಲೆಗೆ ಹೋಗುವ ಹುಡುಗನದು ಧೂಮಪ್ರಾಗಭಾವ; ಕಾಲೇಜಿಗೆ ಸೇರಿದ ಎರಡನೇ ತಿಂಗಳಲ್ಲಿ ಅದು ಅಂತ್ಯಗೊಳ್ಳುತ್ತದೆ. ಸಿಗರೇಟು ಬಿಟ್ಟವನದು ಧೂಮಪ್ರಧ್ವಂಸಾಭಾವ. ಅದಕ್ಕೆ ಅಂತ್ಯವೇ ಇಲ್ಲವೆಂದು ತಾರ್ಕಿಕರು ಬರೆದಿಟ್ಟದ್ದು ನೋಡಿದರೆ ಅವರಲ್ಲಿ ಒಬ್ಬರೂ ಸಿಗರೇಟು ಬಿಟ್ಟವರಲ್ಲವೆಂದು ಸ್ಪಷ್ಟ. ನನ್ನದೇ ಪ್ರಧ್ವಂಸಾಭಾವ ಆರು ಸಲ ಸೋಮವಾರ ಹುಟ್ಟಿ ಗುರುವಾರ ಸಂಜೆಗೆ ತೀರಿಕೊಂಡಿದೆ. ಏಳನೆಯದು ಈಗ ಎರಡು ವರ್ಷ ಎಂಟು ತಿಂಗಳಿಂದ ಬದುಕಿದೆ. ಅನಂತ ಎನ್ನಲು ನನಗೆ ಧೈರ್ಯವಿಲ್ಲ.

ಇತಿಹಾಸ ಹೇಳದೆ ಮುಂದಕ್ಕೆ ಹೋದರೆ ವಿದ್ವಾಂಸರು ಒಪ್ಪುವುದಿಲ್ಲ. ತಂಬಾಕಿಗೂ ಪೋರ್ಚುಗೀಸರಿಗೂ ಹಳೆಯ ನಂಟು. ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜ್ಯಾಂ ನಿಕೋ 1560ರಲ್ಲಿ ತಂಬಾಕನ್ನು ತನ್ನ ರಾಜಮಾತೆಗೆ ಔಷಧಿಯೆಂದು ಕಳಿಸಿದ. ನಿಕೋಟಿನ್‌ಗೆ ಅವನದೇ ಹೆಸರು. ಒಳ್ಳೆಯ ಉದ್ದೇಶದಿಂದ ಕೊಟ್ಟ ಉಡುಗೊರೆಗೆ ಇಷ್ಟು ದೀರ್ಘ ಶಿಕ್ಷೆ ಬೇರೆ ಯಾರಿಗೂ ಆಗಿರಲಿಕ್ಕಿಲ್ಲ. ಇತ್ತ 1510ರಲ್ಲಿ ಬಿಜಾಪುರದ ಕೈಯಿಂದ ಗೋವೆಯನ್ನು ಕಿತ್ತುಕೊಂಡ ಪೋರ್ಚುಗೀಸರು ಆ ಮೇಲೆ ಅದೇ ಬಿಜಾಪುರದ ಸೀಮೆಗೆ ತಂಬಾಕು ಹತ್ತಿಸಿದರು. ಊರು ತಗೊಂಡು ಚಟ ಕೊಟ್ಟರು ಎಂದರೆ ವ್ಯಾಪಾರ ಸರಿದೂಗಿತು. ಅಕ್ಬರನ ಕೊನೆಗಾಲದಲ್ಲಿ ಅಸದ್ ಬೇಗ್ ಎಂಬ ದೂತ ಬಿಜಾಪುರಕ್ಕೆ ಬಂದವನು ಅಲ್ಲಿ ತಂಬಾಕು ಕಂಡು ಬೆರಗಾಗಿ, ರತ್ನ ಕೂರಿಸಿದ ನಳಿಕೆಯ ಸಮೇತ ಒಯ್ದು ಬಾದಶಹನ ಮುಂದಿಟ್ಟ. ಬಾದಶಹ ಒಂದೆರಡು ದಮ್ಮು ಎಳೆದ. ವೈದ್ಯ ತಡೆದ. ಇದರ ಬಗ್ಗೆ ನಮ್ಮ ಗ್ರಂಥಗಳಲ್ಲಿ ಒಂದು ಮಾತೂ ಇಲ್ಲ ಎಂಬುದು ವೈದ್ಯನ ಪೂರ್ವಪಕ್ಷ. ಫರಂಗಿಗಳಲ್ಲೂ ಬುದ್ಧಿವಂತರಿದ್ದಾರೆ ಎಂಬುದು ಅಸದ್ ಬೇಗನ ಉತ್ತರ. ಅಕ್ಬರ ಆಮೇಲೆ ಅದರ ಗೊಡವೆಗೆ ಹೋಗಲಿಲ್ಲ, ಆಸ್ಥಾನದವರು ಬಿಡಲಿಲ್ಲ. ಮಗ ಜಹಾಂಗೀರ 1617ರಲ್ಲಿ ನಿಷೇಧಿಸಿದ. ಯಾರು ಕೇಳಿದರು? ಗ್ರಂಥಗಳಲ್ಲಿ ಮಾತಿಲ್ಲವೆಂದು ಆ ವೈದ್ಯ ಎತ್ತಿ ತೋರಿದ ಕೊರತೆಯನ್ನು ನಾಲ್ಕು ಶತಮಾನ ತಡವಾಗಿಯಾದರೂ ಇದೀಗ ತುಂಬಿಕೊಡುತ್ತಿದ್ದೇನೆ.

ಗ್ರಂಥಕರ್ತನ ಯೋಗ್ಯತೆಯ ಬಗ್ಗೆ ಯಾರಿಗೂ ಸಂಶಯ ಬೇಡ. ನನ್ನದು ನಿಪ್ಪಾಣಿ ಕಡೆಯ ಹಳ್ಳಿ. ಬೀಡಿ ತಂಬಾಕಿನ ನಾಡು. ನನ್ನ ಶಾಲೆಯ ಫೀ, ಅಕ್ಕನ ಮದುವೆ, ಮನೆಯ ಹಂಚು, ಎಲ್ಲ ಆ ಎಲೆಯಿಂದಲೇ. 1981ರಲ್ಲಿ ರೈತನಾಯಕ ಶರದ್ ಜೋಶಿಯವರ ಹಿಂದೆ ನಿಂತು ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದವು. ಅದರ ಬಗ್ಗೆ ಊರಲ್ಲಿ ಈಗಲೂ ಯಾರೂ ತಮಾಷೆ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಅಂಥ ಊರಿನಿಂದ ಚೋರ್ಲಾ ಘಟ್ಟ ಇಳಿದು ನಾನು ಬಂದು ಬಿದ್ದದ್ದು ಗೋವೆಗೆ. ಇಲ್ಲಿಯವರು ಘಟ್ಟದ ಮೇಲಿನವರನ್ನೆಲ್ಲ ‘ಘಾಂಟಿ’ ಎನ್ನುತ್ತಾರೆ, ಪ್ರೀತಿಯಿಂದಲ್ಲ. ಈ ಪದ ಘಟ್ಟದಿಂದ ಬಂತೆಂದು ಲೋಕದ ಮತ. ಘಾಟಿನಿಂದ ಬಂತೆಂದು ನನ್ನ ಮತ, ಏಕೆಂದರೆ ನಾನು ಬಸ್ಸಿನಲ್ಲಿ ಕೂತರೆ ಪಕ್ಕದವರು ಮುಖ ನೋಡುವ ಮೊದಲೇ ಕಿಟಕಿ ತೆಗೆಯುತ್ತಿದ್ದರು.

ಗೋವೆ ಎಂದರೆ ಕುಡಿತ, ಕುಣಿತ, ಹೊಗೆ ಎಂದು ಘಟ್ಟದ ಮೇಲಿನವರ ಸಿದ್ಧಾಂತ. ಅಂಕಿ ಬೇರೆ ಹೇಳುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ. 28.6 ಮಂದಿ ತಂಬಾಕು ಬಳಸುತ್ತಿದ್ದರೆ, ಕರ್ನಾಟಕದಲ್ಲಿ ಶೇ. 22.8, ಗೋವೆಯಲ್ಲಿ ಬರೀ ಶೇ. 9.7, ದೇಶದಲ್ಲೇ ಕನಿಷ್ಠ. ಕುಡಿಯಲು ಬಂದ ಪ್ರವಾಸಿಗನ ಬಾಯಲ್ಲಿ ಹೊಗೆಯಿದೆ, ಕುಡಿಸುವವನ ಬಾಯಲ್ಲಿಲ್ಲ. ಇದರ ಹಿಂದೆ ಶರದ್ ವೈದ್ಯ ಎಂಬ ಶಸ್ತ್ರವೈದ್ಯರ ಹಟವಿದೆ. ಅವರು, ಅವರ ತಂಬಾಕುವಿರೋಧಿ ‘ನೋಟ್’ ಸಂಸ್ಥೆ ಬೆನ್ನುಹತ್ತಿದ್ದರಿಂದ ಗೋವೆ 1997ರಲ್ಲೇ, ಕೇಂದ್ರದ ಕಾನೂನಿಗೆ ಆರು ವರ್ಷ ಮೊದಲು, ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನೂ ಉಗುಳುವುದನ್ನೂ ನಿಷೇಧಿಸಿ ಒಂದೇ ಕಾಯ್ದೆ ಮಾಡಿತು. ಉಗುಳುವವನ ಜೊತೆ ಒಂದೇ ಬೆಂಚಿನಲ್ಲಿ ಕೂರಿಸಿದರಲ್ಲ ಎಂದು ಸೇದುವವರಿಗೆ ಆದ ಅವಮಾನ ದಂಡಕ್ಕಿಂತ ದೊಡ್ಡದು. ಸಿಗರೇಟು ಹಿಡಿದವನಿಗೆ ತಾನು ತತ್ತ್ವಜ್ಞಾನಿಯೆಂಬ ಭ್ರಮೆ ಇರುತ್ತದೆ, ನೋಡಿ.

ಇನ್ನು ಫಲವಿಚಾರ. ವೈದ್ಯಶಾಸ್ತ್ರ ಹೇಳುವ ಫಲಗಳು ಕಾಲಕ್ರಮದಲ್ಲಿವೆ. ಕೊನೆಯ ಸಿಗರೇಟಿನ 20 ನಿಮಿಷಕ್ಕೆ ಎದೆಬಡಿತ ಇಳಿಯುತ್ತದೆ. 12 ಗಂಟೆಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಸರಿದಾರಿಗೆ ಬರುತ್ತದೆ. ಕೆಲವು ತಿಂಗಳಿಗೆ ಕೆಮ್ಮು, ಏದುಸಿರು ಕಡಿಮೆ. ವರ್ಷಕ್ಕೆ ಹೃದ್ರೋಗದ ಅಪಾಯ ಸೇದುವವನ ಅರ್ಧ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವವೂ ಸುಮಾರು ಅರ್ಧ. ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ (ಅವನು ನಾನೇ, ನಾಲ್ಕನೇ ಸಲ ಬಿಟ್ಟಾಗಿನವನು): ಇಪ್ಪತ್ತು ನಿಮಿಷದ ಫಲವನ್ನು ನಾನು ದಿನಕ್ಕೆ ಹತ್ತು ಸಲ ಪಡೆಯುತ್ತಿದ್ದೇನೆ, ಪ್ರತಿ ಎರಡು ಸಿಗರೇಟಿನ ನಡುವೆ, ಬಿಟ್ಟರೆ ಒಂದೇ ಸಲ, ಯಾವುದು ಲಾಭ? ಇದಕ್ಕೆ ಸಮಾಧಾನ ನನಗೆ ಇನ್ನೂ ಹೊಳೆದಿಲ್ಲ. ಹೊಳೆಯುವ ತನಕ ಸೇದುವುದಿಲ್ಲ ಎಂಬಷ್ಟಕ್ಕೆ ಒಪ್ಪಿಕೊಂಡಿದ್ದೇನೆ.

ಈ ಪಟ್ಟಿಯಲ್ಲಿ ಬಾರದ ಫಲ ಮೂಗು. ಬಿಟ್ಟ ಹದಿನೆಂಟನೆಯ ದಿನ ಬೆಳಿಗ್ಗೆ ಆರೂವರೆಗೆ ಬ್ರೆಡ್ ಮಾರುವ ಪೊದೇರನ ಸೈಕಲ್ಲಿನ ಹಾರ್ನ್ ಪೋಂ ಪೋಂ ಎಂದಿತು. ಹದಿನೇಳು ವರ್ಷದಿಂದ ಕೇಳಿದ್ದೇ. ಅವನು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ. ಬಿಸಿ ಪೊಯಿಯ ಮೇಲೆ ಮೆತ್ತಿದ ಗೋಧಿ ತವುಡಿನ ವಾಸನೆ, ಅದರ ಕೆಳಗೆ ಹುಳಿಹಿಟ್ಟಿನದು, ಅದರ ಕೆಳಗೆ ಸೌದೆ ಒಲೆಯದು, ಒಂದರ ಹಿಂದೆ ಒಂದು ಸರದಿಯಲ್ಲಿ ಬಂದು ಮೂಗಿಗೆ ಪರಿಚಯ ಹೇಳಿಕೊಂಡವು. ನಾನು ಅಲ್ಲೇ ನಿಂತುಬಿಟ್ಟೆ. ‘ಪಾತ್ರಾಂವ್, ಎಷ್ಟು?’ ಎಂದು ಅವನು ಎರಡು ಸಲ ಕೇಳಿದ. ಆರು ಕೊಂಡೆ, ಮನೆಯಲ್ಲಿರುವುದು ಮೂರೇ ಜನ.

ಆದರೆ ಮೂಗು ಆರಿಸಿ ಮೂಸುವ ಅಂಗವಲ್ಲ. ವಾಸ್ಕೋದಲ್ಲಿ ಖಾರೆವಾಡೊ ಎಂಬ ಮೀನುದಕ್ಕೆಯಿದೆ, ಮೇ ತಿಂಗಳೆಂಬ ತಿಂಗಳಿದೆ, ಮಳೆಗಾಲಕ್ಕೆಂದು ಬಿಸಿಲಿಗೆ ಹಾಕಿದ ಒಣಮೀನಿದೆ. ಆ ಗಾಳಿ ಬೀಸಿದಾಗ ನಾನು, ಬಿಡುವುದೇ ಆಗಿದ್ದರೆ ಜೂನ್‌ವರೆಗೆ ಕಾಯಬಹುದಿತ್ತು ಎಂದುಕೊಂಡದ್ದುಂಟು. ಜೋಪಾನ ಮಾಡಿಕೊಂಡ ಶ್ವಾಸಕೋಶಕ್ಕೆ ಕಿಟಕಿಯ ಮೇಲೆ ದಿನವೂ ಕೂರುವ ಕಪ್ಪು ಧೂಳು ಬೇರೆ. ಅದು ಎಲ್ಲಿಂದ ಬರುತ್ತದೆ ಎಂಬುದು ಈ ಗ್ರಂಥದ ವ್ಯಾಪ್ತಿಗೆ ಸೇರಿದ್ದಲ್ಲ.

ಧನಫಲ: ದಿನಕ್ಕೆ ಹತ್ತು, ಬಿಟ್ಟಾಗಿನ ಬೆಲೆಯಲ್ಲಿ ಒಂದಕ್ಕೆ 18 ರೂಪಾಯಿ, ವರ್ಷಕ್ಕೆ 65,700. ಈ ಹಣ ಉಳಿಯಬೇಕಿತ್ತು. ಇದೆಯೇ ಎಂದರೆ ಅನುಪಲಬ್ಧಿಯೇ ಪ್ರಮಾಣ: ಹುಡುಕಿದರೆ ಕಾಣುವುದಿಲ್ಲ, ಆದ್ದರಿಂದ ಇಲ್ಲ. ಕಾರಣ ಮೀಮಾಂಸಕರಲ್ಲಿದೆ. ಯಜ್ಞಕ್ಕೆ ಸೋಮ ಸಿಗದಿದ್ದರೆ ಪೂತೀಕವೆಂಬ ಬಳ್ಳಿಯನ್ನು ಪ್ರತಿನಿಧಿಯಾಗಿ ಬಳಸಬಹುದೆಂದು ಅವರ ವಿಧಿ. ಸಿಗರೇಟಿಗೆ ನಾನು ಹಿಡಿದ ಪ್ರತಿನಿಧಿ ಗೇರುಬೀಜ. ಅದರ ಮೂಲ ಬ್ರೆಜಿಲ್, ಅದನ್ನೂ ತಂದವರು ಪೋರ್ಚುಗೀಸರೇ; ಅವರ ಒಂದು ಸರಕನ್ನು ಬಿಟ್ಟು ಇನ್ನೊಂದರ ಗಿರಾಕಿಯಾದೆ. ಸೊಂಟ ಮೂರು ಇಂಚು ಬೆಳೆಯಿತು. ಹಣ ಎಲ್ಲಿ ಹೋಯಿತೆಂದು ಹೆಂಡತಿ ಕೇಳಿದರೆ ಪ್ಯಾಂಟು ತೋರಿಸುತ್ತೇನೆ.

ನಷ್ಟವನ್ನೂ ಬರೆಯಬೇಕು, ಇಲ್ಲದಿದ್ದರೆ ಇದು ಜಾಹೀರಾತಾಗುತ್ತದೆ. ಗಾಡೊ ನಡೆಸುವವನು ಬೈಲಹೊಂಗಲದವನು. ಪ್ಯಾಕಿನ ಎರಡೂ ಬದಿಗೆ ಶೇ. 85 ಜಾಗದಲ್ಲಿ ರೋಗದ ಚಿತ್ರ ಬಂದ ಮೇಲೆ, 2016ರಿಂದ, ನನಗೆಂದು ಚಿತ್ರ ಕೈಯಲ್ಲಿ ಮುಚ್ಚಿ ಪ್ಯಾಕು ಕೊಡುತ್ತಿದ್ದ. ಅಷ್ಟು ಸೂಕ್ಷ್ಮ. ನಾನು ನಾಲ್ಕು ದಿನ ಆ ಕಡೆ ಹೋಗದ್ದಕ್ಕೆ ಐದನೆಯ ದಿನ ರಸ್ತೆ ದಾಟಿ ಬಂದು ಕೇಳಿದ: ‘ಯಾಕ್ರೀ ಸರ, ಆರಾಮ ಇಲ್ಲೇನ್ರಿ?’ ಬಿಟ್ಟೆ ಎಂದೆ. ಸತ್ತ ಸುದ್ದಿ ಕೇಳಿದವನಂತೆ ನಿಂತ. ಆಮೇಲೆ, ‘ಹಂಗಾದ್ರ ಬರೇ ಚಾಕ್ಕರ ಬರ್‍ರಿ’ ಎಂದ. ಹೋಗುತ್ತೇನೆ. ಆದರೆ ಸೇದುವವರ ಗುಂಪಿನಲ್ಲಿ ಚಹ ಹಿಡಿದು ನಿಂತವನು ಮದುವೆಮನೆಯಲ್ಲಿ ಉಪವಾಸದವನ ಹಾಗೆ. ಮಾತು ನನ್ನನ್ನು ಸುತ್ತಿಕೊಂಡು ಹೋಗುತ್ತದೆ, ಹೊಗೆಯೂ. ನಾನು ಗಾಳಿ ಬೀಸುವ ಕಡೆಯೇ ನಿಲ್ಲುತ್ತೇನೆ, ಸಂಶೋಧನೆಗಾಗಿ.

ಹೋದ ಸಂಕ್ರಾಂತಿಯ ಮೇಲೆ ಊರಿಗೆ ಹೋದೆ. ಎಲೆ ಕಡಿದು ಹೊಲದಲ್ಲೇ ಒಣಹಾಕುವ ಕಾಲ. ಮನೆಯ ಹೊಸ್ತಿಲು ದಾಟಿದ್ದೇ ತಡ, ಮೊದಲ ಸೀನು. ನಡುಮನೆಗೆ ಹೋಗುವಷ್ಟರಲ್ಲಿ ಒಂಬತ್ತು. ಗೋಡೆಯಲ್ಲಿ, ಕೌದಿಯಲ್ಲಿ, ದೇವರ ಜಗುಲಿಯಲ್ಲಿ, ಅವ್ವನ ಸೆರಗಿನಲ್ಲಿ ಘಾಟು. ಹುಟ್ಟಿ ಬೆಳೆದ ಮನೆಗೆ ಒಂದು ವಾಸನೆಯಿದೆ ಎಂಬುದು ನಲವತ್ತಾರನೇ ವಯಸ್ಸಿನಲ್ಲಿ ನನಗೆ ತಿಳಿಯಿತು. ಅಪ್ಪ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕೂತಿದ್ದ. ಹದಿನಾಲ್ಕನೆಯ ಸೀನಿಗೆ ತಲೆಯೆತ್ತಿ ನೋಡಿ, ‘ಮುಗೀತಪಾ, ಇಂವಾ ಪೂರಾ ಗೋವಾದಾಂವಾ ಆದ’ ಎಂದ. ನನ್ನ ವ್ಯುತ್ಪತ್ತಿಯ ಪ್ರಕಾರ ನಾನು ಆ ಕ್ಷಣಕ್ಕೆ ಘಾಂಟಿಯಾಗಿ ಉಳಿಯಲಿಲ್ಲ; ಗೋವೆಯವರಿಗೆ ಇದನ್ನು ತಿಳಿಸುವವರು ಯಾರೋ.

ಹದಿನೆಂಟು ವಯಸ್ಸಿನಲ್ಲಿ ನಾನು ಅಪ್ಪನಿಗೆ ಕಾಣದ ಹಾಗೆ ಹಿತ್ತಲಿನ ಕಣಿಕೆ ಬಣವೆಯ ಹಿಂದೆ ನಿಂತು ಸೇದುತ್ತಿದ್ದೆ. ಅಪ್ಪ ಇನ್ನೊಮ್ಮೆ ನನ್ನ ಮುಖ ನೋಡಿದ, ಬೀಡಿ ನೋಡಿಕೊಂಡ, ಏನೂ ಹೇಳದೆ ಎದ್ದು ಧೋತರ ಎತ್ತಿಕೊಂಡು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿಗೆ ಬಣವೆಯ ಮೇಲಿಂದ ಹೊಗೆ ಎದ್ದಿತು. ಬೆಟ್ಟವಿಲ್ಲ, ಅಡುಗೆಮನೆಯಿಲ್ಲ, ಅನುಮಾನಕ್ಕೆ ಆಸ್ಪದವೇ ಇರಲಿಲ್ಲ.