ಬೈರಿಗೆ ರಾಯರು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅರ್ಧ ಕೆಜಿ ಈರನಗೆರೆ ಬದನೆಕಾಯಿಗೆ ಮುಕ್ಕಾಲು ಗಂಟೆ ನಿಲ್ಲುವವರನ್ನು ನೀವು ನೋಡಿರುತ್ತೀರಿ. ತೊಟ್ಟು ನೋಡಿ, ಬೆನ್ನು ಒತ್ತಿ, ಅಂಗೈಯಲ್ಲಿ ತೂಗಿ, ಕೊನೆಗೆ "ನಾಳೆ ಬರ್ತೀನಪ್ಪ" ಎಂದು ಚೀಲ ಮಡಚುವವರು. ನಮ್ಮ ರಾಯರು ಆ ಕುಲದವರು. ಕೆಲಸ ಅವರನ್ನು ಅಮೆರಿಕದ ಮಿನೆಸೋಟಕ್ಕೆ ಎತ್ತಿಹಾಕಿತು. ಅಲ್ಲಿ ಈರನಗೆರೆ ಬದನೆ ಸಿಗದು. ಕೆರೆಗಳಿವೆ, ಹತ್ತು ಎಕರೆಯ ಮೇಲಿನವೇ 11,842. ಚಳಿಗಾಲದಲ್ಲಿ ಅವು ಕಲ್ಲಾಗುತ್ತವೆ. ಜನ ಅದರ ಮೇಲೆ ಸ್ಟೂಲು ಹಾಕಿಕೊಂಡು, ತೂತು ಕೊರೆದು, ಗಾಳ ಇಳಿಬಿಟ್ಟು ಕೂರುತ್ತಾರೆ. ತೂತು ಕೊರೆಯಲು ಸಲಕರಣೆ ಬೇಕು. ಬೇಕೆಂದರೆ ಆರಿಸಬೇಕು. ರಾಯರ ಜನ್ಮ ಸಾರ್ಥಕವಾದದ್ದು ಅಲ್ಲಿ.

ರಾಯರು ಮೀನು ತಿನ್ನುವುದಿಲ್ಲ. ಸಿಕ್ಕರೆ ವಾಪಸು ನೀರಿಗೆ ಬಿಡುತ್ತಾರಂತೆ. ಸಿಕ್ಕಿದ್ದನ್ನು ನಾನು ನೋಡಿಲ್ಲ, ಆ ಮಾತು ಬೇರೆ.

ಹೋದ ಜನವರಿಯಲ್ಲಿ ಮಗಳ ಮನೆಗೆ ಹೋಗಿದ್ದ ನನ್ನನ್ನು ಅವರು ಸೀದಾ ಗ್ಯಾರೇಜಿಗೆ ಕರೆದುಕೊಂಡು ಹೋದರು. ಕಾಫಿ ಆಮೇಲೆ. ಗೋಡೆಯ ಉದ್ದಕ್ಕೂ ಆಯುಧಪೂಜೆಗೆ ಇಟ್ಟಂತೆ ಸಾಮಾನು ಜೋಡಿಸಿತ್ತು. ಅರಿಶಿನ ಕುಂಕುಮ ಒಂದೇ ಕಡಿಮೆ. ಅಲ್ಲಿಯವರು ಏನೇ ಹೆಸರಿಡಲಿ, ನಮಗೆ ಎಲ್ಲ ಪರಿಚಿತವೇ. ಒಂದು ಹಾರೆ, ಬುಡ ಉಳಿಯಂತೆ ಚೂಪು. ಆಮೇಲೆ ಬಡಗಿಯ ಬೈರಿಗೆ, ಆದರೆ ಎದೆಯೆತ್ತರ: ಕೈಯಲ್ಲಿ ತಿರುಗಿಸುವ ಸ್ವೀಡನ್ನಿನ ಮೋರಾ, ಪೆಟ್ರೋಲಿನದು, ಬ್ಯಾಟರಿಯದು, ಡ್ರಿಲ್ ಮೆಷೀನಿಗೆ ಸಿಕ್ಕಿಸುವಂಥದು. ಕೊನೆಯಲ್ಲಿ, ತೂತಿನಲ್ಲಿ ತೇಲುವ ಐಸ್ ಪುಡಿ ಬಾಚಲು, ಪೂರಿ ಎತ್ತುವ ಜಾಲರಿ ಸೌಟು. ಅದು ನಿಜಕ್ಕೂ ಪೂರಿ ಎತ್ತುವ ಸೌಟೇ. ರಾಯರ ಮನೆಯವರು ಅದನ್ನು ಎರಡು ವರ್ಷದಿಂದ ಹುಡುಕುತ್ತಿದ್ದಾರೆ.

"ಆರು ಇಂಚಿನ ತೂತಿಗಿಂತ ಎಂಟಿಂಚಿನದು ಎರಡೇ ಇಂಚು ಜಾಸ್ತಿ ಅಂತ ತಾನೆ ನೀವು ತಿಳ್ಕೊಂಡಿರೋದು?" ಎಂದರು.

ಆ ವಿಷಯದಲ್ಲಿ ನಾನು ಏನನ್ನೂ ತಿಳಿದುಕೊಂಡಿರಲಿಲ್ಲ.

ರಾಯರು ಸೀಮೆಸುಣ್ಣ ತೆಗೆದು, ನೆಲದ ಮೇಲೆ ರಂಗೋಲಿಯಂತೆ ಒಂದರೊಳಗೊಂದು ಮೂರು ಸುತ್ತು ಬರೆದರು. "ಆರಕ್ಕೆ 28 ಚದರ ಇಂಚು. ಎಂಟಕ್ಕೆ 50. ಹತ್ತಕ್ಕೆ 78ರ ಮೇಲೆ! ಅಷ್ಟೂ ಐಸನ್ನ ಹೆರೆದು ಹಾಕೋದು ಯಾರ ರಟ್ಟೆ?" ಪರ್ಚ್, ಕ್ರಾಪಿಯಂಥ ಪುಡಿ ಮೀನಿಗೆ ಆರು ಸಾಕು. ವಾಲೈಗೆ ಎಂಟು. ಉದ್ದ ಮೂತಿಯ ದೊಡ್ಡ ಪೈಕ್ ಬಂದರೆ ಹತ್ತು ಬೇಕು, ಇಲ್ಲದಿದ್ದರೆ ತೂತಿನ ಅಂಚಿನಲ್ಲೇ ಜಗಳ. ಅಲಗಿನಲ್ಲೂ ಎರಡು ಜಾತಿ. ಕೊಬ್ಬರಿ ತುರಿದಂತೆ ನಯವಾಗಿ ಹೆರೆಯುವುದು ಬೇಗ ಇಳಿಯುತ್ತದೆ, ಆದರೆ ಒಂದು ಹರಳು ಮರಳು ತಾಗಿದರೆ ಬಾಯಿ ಹೋಯಿತು. ಕಚ್ಚಿ ಕಚ್ಚಿ ಒಡೆಯುವುದು ನಿಧಾನ, ಆದರೆ ಮತ್ತೆ ಹೆಪ್ಪುಗಟ್ಟಿದ ಹಳೆಯ ತೂತನ್ನೂ ಬಿಡಿಸುತ್ತದೆ. ಪೆಟ್ರೋಲಿನದಕ್ಕೆ ಬಲವಿದೆ, ವಾಸನೆಯೂ ಇದೆ. ಬ್ಯಾಟರಿ ಸದ್ದಿಲ್ಲದ ಸಾಧು, ಚಳಿಗೆ ಮಾತ್ರ ಸೊರಗುತ್ತದೆ.

"ಹಾಗಾದ್ರೆ ಯಾವುದು ಒಳ್ಳೇದು ರಾಯರೇ?"

"ಅದನ್ನೇ ನೋಡ್ತಾ ಇದೀನಿ" ಎಂದರು. ನಾಲ್ಕು ಚಳಿಗಾಲದಿಂದ ನೋಡುತ್ತಿದ್ದಾರೆ.

ಬ್ರೇನರ್ಡ್ ಊರಿನ ಹತ್ತಿರ ಗಲ್ ಕೆರೆಯ ಮೇಲೆ ಜನವರಿಯಲ್ಲಿ ದೊಡ್ಡದೊಂದು ಮೀನು ಹಿಡಿಯುವ ಪಂದ್ಯ ನಡೆಯುತ್ತದೆ. ಸ್ವಯಂಸೇವಕರು ಮುಂಚೆಯೇ 20,000ದಷ್ಟು ತೂತು ಕೊರೆದಿಟ್ಟಿರುತ್ತಾರೆ. ಬಂದವರು ಗಾಳ ಬಿಟ್ಟರಾಯಿತು. ಹೋಗೋಣವೇ ಎಂದೆ. ರಾಯರ ಮುಖ, ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಬಂದವರ ಮುಖದಂತಾಯಿತು. "ತೂತು ಅವರೇ ಕೊರೆದಿಟ್ಮೇಲೆ ನಾವು ಹೋಗಿ ಮಾಡೋದೇನು?"

ಅಂತೂ ಮಿಲ್ ಲ್ಯಾಕ್ಸ್ ಕೆರೆಗೆ ಹೊರಟೆವು. ಕೆರೆ ಎಂದರೆ ಆಚೆ ದಡ ಕಾಣದು. ರಾಯರು ಬ್ಯಾಟರಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು, ಕಾವಿಗೆ ಕೂತ ಕೋಳಿಯಂತೆ ಯಾರಿಗೂ ಮೈ ತಾಗಿಸದೆ ನಡೆದರು. ಮೂರು ಹೆಜ್ಜೆಗೊಮ್ಮೆ ಹಾರೆಯಿಂದ ಐಸನ್ನು ಕುಟ್ಟುವುದು, ಕಿವಿಗೊಡುವುದು. "ಮನುಷ್ಯ ನಡೆಯೋಕೆ ಗಟ್ಟಿ ಐಸು ನಾಲ್ಕಿಂಚಾದ್ರೂ ಇರ್ಬೇಕು. ನೂರಕ್ಕೆ ನೂರು ನಂಬೋ ಐಸು ಯಾವತ್ತೂ ಇಲ್ಲ, ಇಲಾಖೆಯವರೇ ಹೇಳ್ತಾರೆ." ಮಾತು ಸರಿಯೇ. ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ಪಿಕಪ್ ಲಾರಿಯೊಂದು ಸೌದೆ, ನಾಯಿ, ಮೂರು ಜನರನ್ನು ಹೇರಿಕೊಂಡು ಕೆರೆಯ ನಡುವಿಗೆ ಹೋಯಿತು. ನಾಯಿ ರಾಯರನ್ನೇ ನೋಡುತ್ತಿತ್ತು.

ಜಾಗ ಆರಿಸಿದ್ದಾಯಿತು. ಆರಿಸಿದ್ದನ್ನು ಬಿಟ್ಟು ಇನ್ನೊಂದು ಆರಿಸಿದ್ದಾಯಿತು. ಬ್ಯಾಟರಿ ಸಿಕ್ಕಿಸಿ ಗುಂಡಿ ಒತ್ತಿದರೆ ಬೈರಿಗೆ ತಿರುಗಿತು, ಇಳಿಯಲಿಲ್ಲ. ಕಾರಿನ ಬಿಸಿಯಲ್ಲಿ ಬೆಚ್ಚಗಿದ್ದ ಅಲಗನ್ನು ಹಿಮದ ಮೇಲೆ ಮಲಗಿಸಿದ್ದರು. ತಾಗಿದ ಹಿಮ ಕರಗಿ, ಮತ್ತೆ ಗಡ್ಡೆಕಟ್ಟಿ, ಅಂಚಿಗೆ ಗಾಜಿನ ಕವಚ ತೊಡಿಸಿತ್ತು. ಕುಟ್ಟಿ ಉದುರಿಸೋಣವೆಂದೆ. "ಅಯ್ಯೋ, ಬಾಯಿ ಹೋಗುತ್ತೆ!" ಎಂದು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡರು.

ಹತ್ತು ಹೆಜ್ಜೆ ದೂರದಲ್ಲಿ ಯಾರೋ ಬೆಳಿಗ್ಗೆ ಕೊರೆದು ಬಿಟ್ಟುಹೋದ ತೂತೊಂದು ಬೆರಳಿನಷ್ಟು ದಪ್ಪ ಕೆನೆಗಟ್ಟಿತ್ತು. ನಾನು ಹಾರೆಯಿಂದ ಒಂದೇ ಏಟು ಹಾಕಿದೆ. ರಾಯರು ಸುತ್ತಮುತ್ತ ನೋಡಿದರು. ಸೌಟು ತೆಗೆದು ಚೂರುಗಳನ್ನು ಬಾಚಿದರು. ಸ್ಟೂಲು ಹಾಕಿಕೊಂಡು ಕೂತರು. ಗಾಳಕ್ಕೆ ಕೈ ಹಾಕುತ್ತಾರೆಂದುಕೊಂಡೆ. ಜೇಬಿನಿಂದ ಟೇಪು ಬಂತು. ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ಅಳೆದರು.

"ಎಂಟಿಂಚು" ಎಂದರು. "ನೋಡಿದ್ರಾ? ನಾನೂ ಅದನ್ನೇ ಅಂದ್ಕೊಂಡಿದ್ದೆ."